ಹತ್ತು ನಿಮಿಷ ನೀನೇ ಹೇಳು

ಪಿಯುಸಿವರೆಗೂ ನಮಗೆ ಪ್ರವಾಸ ಅಂದ್ರೆ ಬಸ್ಸು, ಅಂತ್ಯಾಕ್ಷರಿ, ಡಬ್ಬಿಯಲ್ಲಿ ಚಿತ್ರಾನ್ನ. ಬಿಎ ಮೊದಲ ವರ್ಷದಲ್ಲಿ ಇತಿಹಾಸದ ಮೇಡಂ 'ಅಧ್ಯಯನ ಪ್ರವಾಸ' ಅಂದಾಗ ಹೆಸರಷ್ಟೇ ಬೇರೆ ಅಂದುಕೊಂಡ್ವಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು. ಮೂರು ದಿನ, ಎರಡು ರಾತ್ರಿ.

ಆ ಎರಡು ರಾತ್ರಿಗಳದ್ದೇ ನಮ್ಮ ಮನೆಯಲ್ಲಿ ತಕರಾರು. ಅಪ್ಪ ಖಡಾಖಂಡಿತವಾಗಿ ಬೇಡ ಅಂದರು. ಮೇಡಂ ವಾದ ಮಾಡಲಿಲ್ಲ. ಎಲ್ಲಿ ಉಳಿಯೋದು, ಎಲ್ಲಿ ಊಟ, ಯಾವ ದಿನ ಯಾವ ಗುಡಿ ಅಂತ ಬರೆದ ಒಂದು ಹಾಳೆ ಕಳಿಸಿದರು. ಕೊನೆಯಲ್ಲಿ ಒಂದು ಸಾಲು: 'ಹುಡುಗಿಯರ ಕೋಣೆಯಲ್ಲೇ ನಾನೂ ಮಲಗುತ್ತೇನೆ.' ಅಪ್ಪ ಎರಡು ಸಲ ಓದಿ ಸಹಿ ಹಾಕಿದರು.

ದುಡ್ಡಿನ ವಿಷಯಕ್ಕೂ ಮೇಡಂ ದಾರಿ ಹುಡುಕಿದ್ದರು. ಎಲ್ಲರಿಗೂ ಒಂದೊಂದು ಲಕೋಟೆ. ಆಗುವವರು ಹೆಚ್ಚು ಹಾಕಿ, ಆಗದವರು ಅಂಟಿಸಿ ಕೊಡಿ. ಯಾರು ಎಷ್ಟು ಹಾಕಿದರು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ತರಗತಿಯಲ್ಲಿ ಒಬ್ಬರೂ ಹಿಂದೆ ಉಳಿಯಲಿಲ್ಲ.

ಅಲ್ಲಿ ಹೋದ ಮೇಲೆ ಮೇಡಂ ಗೈಡ್ ಆಗಲಿಲ್ಲ. ಒಬ್ಬೊಬ್ಬರಿಗೂ ಒಂದು ಜಾಗ ಹಂಚಿದ್ದರು. ಹತ್ತು ನಿಮಿಷ ನಾವೇ ಹೇಳಬೇಕು. ಪಟ್ಟದಕಲ್ಲಿನಲ್ಲಿ ನಾಗರ ಮತ್ತು ದ್ರಾವಿಡ ಶೈಲಿಯ ಗುಡಿಗಳು ಅಕ್ಕಪಕ್ಕದಲ್ಲೇ ಇವೆ. ಗೆಳತಿ ಎರಡೂ ಶಿಖರಗಳನ್ನು ಬೆರಳು ಮಾಡಿ ತೋರಿಸಿದಾಗ, ನೋಟ್ಸ್‌ನಲ್ಲಿ ಬಾಯಿಪಾಠ ಮಾಡಿದ್ದ ವ್ಯತ್ಯಾಸ ಮೊದಲ ಸಲ ಕಣ್ಣಿಗೆ ಬಿತ್ತು. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಒಬ್ಬ ರಾಣಿ, ಲೋಕಮಹಾದೇವಿ ಅಂದಾಗ ಹುಡುಗಿಯರೆಲ್ಲ ಚಪ್ಪಾಳೆ!

ನನ್ನ ಪಾಲಿಗೆ ಬಂದಿದ್ದು ಐಹೊಳೆಯ ಮೇಗುತಿ ಗುಡಿ. ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ ನಾನು. ಕಾಲು ನಡುಗುತ್ತಲೇ ಶುರು ಮಾಡಿದೆ. ಕ್ರಿ.ಶ. 634ರ ಶಾಸನ, ಬರೆದವನು ರವಿಕೀರ್ತಿ, ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಅದರಲ್ಲಿದೆ. ಕೊನೆಗೆ ಆ ಕವಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಅಂತ ಹೇಳಿಕೊಂಡಿದ್ದಾನೆ ಅಂದೆ. ಎಲ್ಲರೂ ನಕ್ಕರು. 'ನಗಬೇಡಿ, ಕಾಳಿದಾಸ 634ಕ್ಕಿಂತ ಮುಂಚಿನವನು ಅನ್ನೋಕೆ ಈ ಸಾಲೂ ಒಂದು ಸಾಕ್ಷಿ' ಅಂದರು ಮೇಡಂ. ತನ್ನ ಬಗ್ಗೆ ಹೇಳಿಕೊಳ್ಳಲು ನಾಚದ ಒಬ್ಬನಿಂದ ಇತಿಹಾಸಕ್ಕೇ ಉಪಕಾರ ಆಯ್ತಲ್ಲ!

ಈಗ ಬೆಂಗಳೂರಿನ ಆಫೀಸಿನಲ್ಲಿ ವಾರಕ್ಕೊಂದು ಪ್ರೆಸೆಂಟೇಶನ್ ಕೊಡ್ತೀನಿ. ಕಾಲು ಈಗಲೂ ನಡುಗುತ್ತೆ, ಆದರೆ ಮಾತು ನಿಲ್ಲಲ್ಲ.

ನಿಮ್ಮ ತಂಗಿಯೋ ತಮ್ಮನೋ ಈ ವರ್ಷ ಕಾಲೇಜು ಸೇರಿದ್ದರೆ, ಟೂರ್ ಅಂದಾಗ ಖರ್ಚು ಎಷ್ಟು ಅಂತ ಮಾತ್ರ ಕೇಳಬೇಡಿ. ಜೊತೆಗೆ ಯಾವ ಮೇಷ್ಟ್ರು ಬರ್ತಾರೆ, ಅಲ್ಲಿ ನೀನೇನು ಮಾಡ್ತೀಯ, ದುಡ್ಡಿಲ್ಲ ಅಂತ ಯಾರು ಬರ್ತಿಲ್ಲ ಅಂತಲೂ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ, ಲಕೋಟೆಗೆ ಸ್ವಲ್ಪ ಹೆಚ್ಚು ಹಾಕಿ ಕಳಿಸಿ.