ಬಿಲ್ಲಿನ ತಾರೀಖು

2000ನೇ ಇಸವಿಯವರೆಗೆ ನಮ್ಮ ಮನೆಯ ಸಾಲಗಳಿಗೆಲ್ಲ ಒಂದೊಂದು ಮುಖವಿತ್ತು. ದಿನಸಿಗೆ ಶೆಟ್ಟರ ಅಂಗಡಿಯ ಉದ್ರಿ ಪುಸ್ತಕ, ಮದುವೆ ಮುಂಜಿಗೆ ಅಪ್ಪನ ಕಚೇರಿಯ ಸೊಸೈಟಿ, ತುರ್ತಿಗೆ ಅಮ್ಮನ ಬಳೆ ಗಿರವಿ ಇಟ್ಟುಕೊಳ್ಳುವ ಸೇಟು. ಬಾಕಿ ಬೆಳೆದರೆ ಶೆಟ್ಟರು ಪುಸ್ತಕ ತೋರಿಸುತ್ತಿರಲಿಲ್ಲ. "ಅಪ್ಪ ಹುಷಾರಾಗಿದ್ದಾರಾ?" ಎಂದು ಕೇಳುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಮೈಸೂರಿನ ಆ ಮನೆಯಲ್ಲಿ ಫ್ರಿಜ್ ಇರಲಿಲ್ಲ. ತೊಲೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಣ್ಣೆಯ ಗಡಿಗೆ, ಜಾಲರಿ ಬೀರುವಿನಲ್ಲಿ ಹಾಲು, ಇರುವೆ ಹತ್ತದಂತೆ ಬೀರುವಿನ ಕಾಲುಗಳಡಿ ನೀರಿನ ಬಟ್ಟಲು, ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಹೂಜಿ. ಏಪ್ರಿಲ್ ಬಂತೆಂದರೆ ರಾತ್ರಿಯ ಸಾರು ಬೆಳಗಾಗುವುದರೊಳಗೆ ಹಳಸಿ ಅಡುಗೆಮನೆಯೆಲ್ಲ ಹುಳಿ ನಾತ. ಹೂಜಿಯ ನೀರಿಗೆ ಮಣ್ಣಿನ ಘಮವಿತ್ತು, ನಿಜ. ಆದರೆ ಹಾಲು ಒಡೆಯದಿರಲೆಂದು ಮತ್ತೆ ಮತ್ತೆ ಕಾಯಿಸುತ್ತಿದ್ದ ಅಮ್ಮನ ಕೆಲಸ ಅದರಿಂದ ಕಡಿಮೆಯಾಗುತ್ತಿರಲಿಲ್ಲ.

ಸಯ್ಯಾಜಿರಾವ್ ರಸ್ತೆಯ ಅಂಗಡಿಯಲ್ಲಿ 165 ಲೀಟರಿನ ಒಂಟಿ ಬಾಗಿಲಿನ ಫ್ರಿಜ್‌ಗೆ 10,400 ರೂಪಾಯಿ ಹೇಳಿದರು. ನನ್ನ ಸಂಬಳ 6,800. ಅಮ್ಮ ಕಟ್ಟುತ್ತಿದ್ದ ಹತ್ತು ಸಾವಿರದ ಚೀಟಿ ಕೈಗೆ ಬರುವುದು ಮೇ ತಿಂಗಳ ಎರಡನೇ ಭಾನುವಾರ. ಅಲ್ಲಿಯವರೆಗೆ ಕಾದರೆ ಬೇಸಿಗೆಯೇ ಕಳೆದುಹೋಗುತ್ತಿತ್ತು. ಟೈ ಕಟ್ಟಿಕೊಂಡ ಹುಡುಗರು ಕ್ರೆಡಿಟ್ ಕಾರ್ಡಿನ ಅರ್ಜಿ ಹಿಡಿದು ನಮ್ಮ ಕಾರ್ಖಾನೆಯ ಕಚೇರಿಗೆ ಬರತೊಡಗಿದ್ದ ಕಾಲ ಅದು. ಕಾರ್ಡು ದೇಶಕ್ಕೆ ಹೊಸದಲ್ಲ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲೇ ತಂದಿತ್ತು, ಕೆನರಾ ಬ್ಯಾಂಕಿನ ಕ್ಯಾನ್‌ಕಾರ್ಡ್ ಇತ್ತು. 1998ರಲ್ಲಿ ಸ್ಟೇಟ್ ಬ್ಯಾಂಕ್ ಕೂಡ ಜಿಇ ಕ್ಯಾಪಿಟಲ್ ಜೊತೆ ಸೇರಿ ಈ ವ್ಯವಹಾರಕ್ಕೆ ಇಳಿದಿತ್ತು. ನನ್ನಂಥ ಗುಮಾಸ್ತನ ಮೇಜಿಗೆ ಅದು ಬಂದದ್ದು ಆಗಲೇ. "ಮುಖ ನೋಡದವನಿಗೆ ಸಾಲಗಾರ ಆಗ್ತೀಯೇನೋ?" ಎಂದರು ಅಪ್ಪ.

ನನ್ನ ಕೈಯಲ್ಲಿ ಎರಡು ಕಾರ್ಡುಗಳ ಕಾಗದವಿತ್ತು. ಒಂದಕ್ಕೆ ವರ್ಷಕ್ಕೆ 750 ರೂಪಾಯಿ ಶುಲ್ಕ, 25,000ದ ಮಿತಿ, ಜೊತೆಗೊಂದು ಪ್ರಯಾಣದ ಚೀಲ ಉಡುಗೊರೆ. ಇನ್ನೊಂದಕ್ಕೆ 350 ಶುಲ್ಕ, 15,000 ಮಿತಿ, ಚೀಲವಿಲ್ಲ. ನನ್ನ ಮನಸ್ಸೆಲ್ಲ ಚೀಲದ ಮೇಲೆ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಕನ್ನಡಕ ಏರಿಸಿ ಸಣ್ಣಕ್ಷರಗಳನ್ನು ಓದಿದರು. ಎರಡರಲ್ಲೂ ಬಡ್ಡಿ ತಿಂಗಳಿಗೆ ಶೇಕಡಾ 2.95. "ಚಕ್ರಬಡ್ಡಿ ಹಾಕು, ವರ್ಷಕ್ಕೆ 41 ದಾಟುತ್ತೆ. ನಿಮ್ಮ ಸೇಟುನೂ ಇಷ್ಟು ಕೇಳಲ್ಲ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಒಂದು ಪೈಸೆ ಬಡ್ಡಿಯಿಲ್ಲ. ಸ್ವಲ್ಪ ಉಳಿಸಿಕೊಂಡೆಯೋ, ಕೊಂಡ ದಿನದಿಂದಲೇ ಲೆಕ್ಕ ಶುರು. ಚೀಲ ಬಿಡು, ಬಿಲ್ಲು ಯಾವ ತಾರೀಖಿಗೆ ಆಗುತ್ತೆ ಕೇಳು," ಎಂದರು. ಕಾರ್ಡಿನ ವಿಷಯದಲ್ಲಿ ಇದಕ್ಕಿಂತ ಉಪಯೋಗದ ಮಾತನ್ನು ನಾನು ಇವತ್ತಿನವರೆಗೂ ಕೇಳಿಲ್ಲ.

ಕೇಳಿದೆ. ಚೀಲದ ಕಾರ್ಡಿನ ಬಿಲ್ಲು 24ಕ್ಕೆ, ಇನ್ನೊಂದರದ್ದು 12ಕ್ಕೆ. ಬಿಲ್ಲಾಗಿ ಇಪ್ಪತ್ತು ದಿನಕ್ಕೆ ಹಣ ಕಟ್ಟಬೇಕು. ಎರಡನೆಯ ಕಾರ್ಡಿನಲ್ಲಿ ಏಪ್ರಿಲ್ 13ಕ್ಕೆ ಕೊಂಡರೆ ಅದು ಮೇ 12ರ ಬಿಲ್ಲಿಗೆ ಬರುತ್ತಿತ್ತು. ಕಟ್ಟುವ ಗಡುವು ಜೂನ್ 1. ಅಷ್ಟರಲ್ಲಿ ಚೀಟಿ ಬಂದಿರುತ್ತಿತ್ತು. ಅದೇ ದಿನ ಮೊದಲನೆಯದರಲ್ಲಿ ಕೊಂಡಿದ್ದರೆ ಗಡುವು ಮೇ 14, ಚೀಟಿ ಕೈಗೆ ಬರುವ ಭಾನುವಾರವೇ. ಚೆಕ್ಕು ಪಾಸಾಗಲು ಆಗ ಮೂರ್ನಾಲ್ಕು ದಿನ ಬೇಕಿತ್ತು.

ಸಂಬಳದ ಚೀಟಿ, ರೇಷನ್ ಕಾರ್ಡು, ಟೆಲಿಫೋನ್ ಬಿಲ್ಲಿನ ನಕಲು ಕೊಟ್ಟೆ. ಒಂದು ಮಧ್ಯಾಹ್ನ ಬ್ಯಾಂಕಿನ ಪರವಾಗಿ ಒಬ್ಬಾತ ಬಂದು ಪಕ್ಕದ ಮನೆಯಲ್ಲಿ ನನ್ನ ಬಗ್ಗೆ ವಿಚಾರಿಸಿದ. ಸ್ವಂತ ಮನೆಯೇ, ಎಷ್ಟು ವರ್ಷದಿಂದ ಇದ್ದಾರೆ, ಕೆಲಸ ಕಾಯಮ್ಮೇ ಎಂದೆಲ್ಲ ಕೇಳಿದ್ದನ್ನು ಆ ಮನೆಯ ಅಜ್ಜಿ ಹೆಣ್ಣಿನ ಕಡೆಯವರ ವಿಚಾರಣೆ ಎಂದುಕೊಂಡರು. ಹುಡುಗನಿಗೆ ಬೀಡಿ, ಸಿಗರೇಟು ಇಲ್ಲ, ರೋಹಿಣಿ ನಕ್ಷತ್ರ, ಅತ್ತೆ ಸಾಧು ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದರು. ಕಾರ್ಡು ಮಂಜೂರಾಯಿತು.

ಅಂಗಡಿಯಲ್ಲಿ ಕಾರ್ಡನ್ನು ಒಂದು ಕಬ್ಬಿಣದ ತಟ್ಟೆಯ ಮೇಲಿಟ್ಟು, ಕಾರ್ಬನ್ ಹಾಳೆಯ ಚೀಟಿ ಹೊದಿಸಿ, ಹಿಡಿಯನ್ನು ಆ ಕಡೆಯಿಂದ ಈ ಕಡೆಗೆ ಎಳೆದರು. ಉಬ್ಬಕ್ಷರದ ನನ್ನ ಹೆಸರು ಕಾಗದದ ಮೇಲೆ ಮೂಡಿತು. ಮಾಲೀಕರು ಬೆಂಗಳೂರಿಗೆ ಫೋನು ಹಚ್ಚಿ ಒಪ್ಪಿಗೆಯ ಸಂಖ್ಯೆ ಬರೆದುಕೊಂಡರು. ಶೇಕಡಾ ಎರಡು ಹೆಚ್ಚಿಗೆ ಕೇಳಿದಾಗ ಅಮ್ಮ, "ಸರಿ, ಹಾಗಿದ್ರೆ ಬೇಡ," ಎಂದು ಎದ್ದರು. ಕೊನೆಗೆ 10,400ಕ್ಕೇ ಕೊಟ್ಟರು, ಒಂದು ಸ್ಟೆಬಿಲೈಸರ್‌ನ ದುಡ್ಡು ಬೇರೆ. ಮೇ 16ಕ್ಕೆ ಚೆಕ್ಕು ಬರೆದು ಬ್ಯಾಂಕಿನ ಡಬ್ಬಿಗೆ ಹಾಕಿದೆ. ಬಡ್ಡಿ ಸೊನ್ನೆ. ನೆಲುವು ಸ್ವಲ್ಪ ದಿನ ಹಾಗೇ ತೂಗಾಡಿತು, ಆಮೇಲೆ ಅಮ್ಮನೇ ಬಿಚ್ಚಿ ನಾಗಂದಿಗೆಯ ಮೇಲೆ ಹಾಕಿದರು.

ಹೋದ ವರ್ಷ ಅಣ್ಣನ ಮಗಳು ಬೆಂಗಳೂರಿನಲ್ಲಿ ಮನೆ ಮಾಡಿದಳು. ಅವಳಿಗೆ ಕಾರ್ಡು ಸಿಕ್ಕಿದ್ದು ಫೋನಿನಲ್ಲೇ. ಯಾರೂ ಪಕ್ಕದ ಮನೆಯಲ್ಲಿ ವಿಚಾರಿಸಲಿಲ್ಲ. ವಿಚಾರಿಸಿದ್ದರೂ ಅಲ್ಲಿ ಯಾರಿಗೂ ಅವಳ ಪರಿಚಯವಿರಲಿಲ್ಲ. ಕಾಲವೇ ಹಾಗೆ, ಅದರಲ್ಲಿ ತಪ್ಪೇನಿಲ್ಲ. 32,000ದ ಫ್ರಿಜ್, ಬಡ್ಡಿಯಿಲ್ಲದ ಆರು ಕಂತು ಎಂದು ತೋರಿಸಿದಳು. ಒಂದೇ ಸಲಕ್ಕೆ ಕಟ್ಟಿದರೆ 2,500 ರಿಯಾಯಿತಿ ಎಂಬುದು ಕೆಳಗಿತ್ತು. ಕಂತಿನ ಬಡ್ಡಿ ಆ ರಿಯಾಯಿತಿಯೊಳಗೇ ಕೂತಿತ್ತು. ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಸಂಸ್ಕರಣಾ ಶುಲ್ಕ ಬೇರೆ. ಇಂಥ ಸೊನ್ನೆ ಬಡ್ಡಿಯ ಬಗ್ಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು.

"ನಿನ್ನ ಬಿಲ್ಲು ಎಷ್ಟನೇ ತಾರೀಖು?" ಎಂದೆ.

"ಎರಡು. ಕಟ್ಟೋದು 22ಕ್ಕೆ. ಅಷ್ಟು ಹೊತ್ತಿಗೆ ನನ್ನತ್ರ ಏನೂ ಇರಲ್ಲ ಚಿಕ್ಕಪ್ಪ," ಎಂದಳು.

ನಮಗಿಲ್ಲದ ಒಂದು ಅನುಕೂಲ ಅವಳಿಗಿತ್ತು. ಬಿಲ್ಲಿನ ಅವಧಿಯನ್ನು ಒಮ್ಮೆಯಾದರೂ ಬದಲಿಸಿಕೊಳ್ಳುವ ಅವಕಾಶವನ್ನು ಬ್ಯಾಂಕು ಕೊಡಲೇಬೇಕೆಂದು ಈಗ ನಿಯಮವಿದೆ. ಕೂತಲ್ಲೇ ಕೋರಿಕೆ ಹಾಕಿ ಬಿಲ್ಲನ್ನು 15ಕ್ಕೆ ಮಾಡಿಸಿಕೊಂಡಳು. ಸಂಬಳ ಬಂದ ಮೇಲೆ 5ರೊಳಗೆ ಕಟ್ಟಿದರಾಯಿತು. ಫ್ರಿಜ್ ಕೊಂಡದ್ದು ಮುಂದಿನ ತಿಂಗಳು 16ಕ್ಕೆ, ಒಂದೇ ಸಲಕ್ಕೆ, 29,500 ರೂಪಾಯಿಗೆ.