ಪಾತ್ರಿ ಮ್ಯಾಲಿನ ಹೆಸರು, ಫೈಲಿನ ಹೆಸರು

ಹೋದ ದೀಪಾವಳಿಗೆ ಬಂದಾಗ ನನ್ನ ಮಗ ಮನ್ಯಾಗ ಸುಮ್ನ ಬಿದ್ದಿದ್ದ ಹಳೇ ಲ್ಯಾಪ್‌ಟಾಪಿಗೆ ಒಂದು ದೊಡ್ಡ ಹಾರ್ಡ್ ಡಿಸ್ಕ್ ಹಚ್ಚಿದ. ಅದರಾಗ ಜೆಲ್ಲಿಫಿನ್ ಅನ್ನೂ ಪುಕಟ ಸಾಫ್ಟ್‌ವೇರ್ ಹಾಕಿ, "ಅಮ್ಮಾ, ಇದು ನಮ್ಮನಿ ಸರ್ವರ್. ಇದರಾಗ ಹಾಕಿದ್ದೆಲ್ಲಾ ಟಿವ್ಯಾಗ ಕಾಣಸ್ತದ, ಫೋನಿನಾಗೂ ಕಾಣಸ್ತದ. ಆದ್ರ ಹೆಸರು ನೀನ ಇಡಬೇಕು ನೋಡು, ನನಗ ರಜಾ ಮುಗೀತು" ಅಂತ ಹೇಳಿ ಗಾಡಿ ಹತ್ತಿದ. ನಾ ಪಿಯುಸಿ ಓದಿದಾಕಿ. ಕಂಪ್ಯೂಟರ್ ಮುಂದ ಕೂತದ್ದ ನಾಲ್ವತ್ತು ದಾಟಿದ ಮ್ಯಾಲೆ. ಹೆಸರು ಇಡೂದೇನು ಮಹಾ ಕೆಲಸ ಅಂದ್ಕೊಂಡೆ.

ಮೊದಲು ಪಿಚ್ಚರ್ ಹಿಡದೆ. ಅವ ಒಂದು ಚೀಟಿ ಬರದಿಟ್ಟಿದ್ದ. ಒಂದೊಂದು ಪಿಚ್ಚರಿಗೂ ಒಂದೊಂದು ಬ್ಯಾರೆ ಫೋಲ್ಡರ್. ಫೋಲ್ಡರಿಗೆ ಪಿಚ್ಚರಿನ ಹೆಸರು, ಮುಂದ ಕಂಸದಾಗ ಇಸವಿ. ಒಳಗಿನ ಫೈಲಿಗೂ ಅದ ಹೆಸರು. ಸೀರಿಯಲ್ ಇದ್ರ ಅದರ ಹೆಸರಿನ ಫೋಲ್ಡರಿನಾಗ ಸೀಸನ್ 01 ಅಂತ ಇನ್ನೊಂದು ಫೋಲ್ಡರ್, ಒಳಗ ಎಸ್01ಇ01, ಎಸ್01ಇ02 ಹಿಂಗ ಸಾಲಾಗಿ. ಹಿಂಗ ಬರದ್ರ ಸರ್ವರ್ ತಾನ ಇಂಟರ್ನೆಟ್ಟಿನಾಗ ಹುಡುಕಿ ಪೋಸ್ಟರ್, ಕಥಿ, ನಟರ ಹೆಸರು ಎಲ್ಲಾ ತಂದು ಹಚ್ಚತದ.

ಇಸವಿ ಯಾಕ ಬೇಕು ಅಂತ ನನಗ ಮೊದಲು ತಿಳೀಲಿಲ್ಲ. ನಾಗರಹಾವು ಅಂದ್ರ ನನಗ ಒಂದ, 1972ರ ಪುಟ್ಟಣ್ಣ ಕಣಗಾಲರದು. ಆದ್ರ ಅದ ಹೆಸರಿನ್ಯಾಗ 2002ರಾಗ ಒಂದು ಬಂದದ, 2016ರಾಗ ಇನ್ನೊಂದು ಬಂದದ. ಗಂಧದ ಗುಡಿ 1973ರಾಗ ರಾಜಕುಮಾರ್ ಅವರದು, 2022ರಾಗ ಪುನೀತ್ ಅವರದು. ಮಾಲ್ಗುಡಿ ಡೇಸ್ ಅಂದ್ರ ಶಂಕರನಾಗರ ಸೀರಿಯಲ್ಲೂ ಹೌದು, 2020ರ ಕನ್ನಡ ಪಿಚ್ಚರೂ ಹೌದು. ಇಸವಿ ಹಾಕಲಿಲ್ಲಂದ್ರ ಪಾಪ ಮಶೀನಿಗೆ ಯಾವ ಹಾವು ಅಂತ ಹೆಂಗ ತಿಳೀಬೇಕು? ಎಂಟು ದಿವಸದಾಗ ಪಿಚ್ಚರ್ ಎಲ್ಲಾ ಮುಗಿಸಿದೆ. ಟಿವಿ ಹಚ್ಚಿದ್ರ ಅಂಗಡಿ ಮುಂದ ಸೀರಿ ಹೊಂದಿಸಿಟ್ಟಂಗ ಪೋಸ್ಟರ್ ಕಾಣ್ತಿದ್ದು. ನಮ್ಮನಿಯವರಿಗೂ ಖುಷಿ ಆತು.

ಆ ಹುರುಪಿನಾಗ ನನ್ನ ಲಗ್ನದ ವಿಡಿಯೋನೂ ಅಲ್ಲೇ ಹಾಕಿ "ಮದುವೆ" ಅಂತ ಹೆಸರಿಟ್ಟೆ. ಟಿವ್ಯಾಗ ನೋಡ್ತೇನಿ, ನನ್ನ ಲಗ್ನದ ಮ್ಯಾಲೆ ಬ್ಯಾರೆ ಯಾರದೋ ಮಾರಿ! ಅದು ಪಿಚ್ಚರ್ ಅಂತ ತಿಳಕೊಂಡು ಹುಡುಕಿ ಯಾವುದೋ ಗುರುತಿಲ್ಲದ ಪೋಸ್ಟರ್ ಹಚ್ಚಿತ್ತು. ಮಗನಿಗೆ ಫೋನ್ ಮಾಡಿದ್ರ ಹೊಟ್ಟಿ ಹಿಡ್ಕೊಂಡು ನಕ್ಕ. "ಅಮ್ಮಾ, ಮನಿ ವಿಡಿಯೋಕ್ಕ ಹೋಮ್ ವಿಡಿಯೋ ಅಂತ ಬ್ಯಾರೆ ಖಾನೆ ಅದ. ಅಲ್ಲಿ ಹಾಕಿದ್ರ ಅದು ಹೊರಗ ಹುಡುಕೂದಿಲ್ಲ. ನೀ ಏನು ಬರೀತಿ ಅದ ಹೆಸರು."

ಆಗ ನನಗ ಖರೇ ಕೆಲಸ ಈಗ ಶುರುವಾತು ಅನಿಸ್ತು. ಪಿಚ್ಚರಿನ ಹೆಸರು ನಾ ತಪ್ಪು ಬರದ್ರೂ ಸರಿ ಹೆಸರು ಊರ ಮಂದಿಗೆಲ್ಲಾ ಗೊತ್ತಿರ್ತದ. ನಮ್ಮನಿ ವಿಡಿಯೋದ್ದು ನಮಗ ಬಿಟ್ಟು ಯಾರಿಗೂ ಗೊತ್ತಿಲ್ಲ. ನಮಗೂ ಪೂರ್ತಿ ಗೊತ್ತಿಲ್ಲ. ಹಳೇ ವಿಸಿಡಿ, ಕ್ಯಾಮೆರಾದ ಕಾರ್ಡು, ಫೋನಿಂದು, ಎಲ್ಲಾ ಕೂಡಿ ಮುನ್ನೂರು ಚಿಲ್ಲರೆ ಫೈಲು. ವಾಟ್ಸಾಪಿನವಕ್ಕ ಹೆಸರಿನಾಗ ತಾರೀಖು ಇರ್ತದ, ಆದ್ರ ಅದು ನಮ್ಮ ಫೋನಿಗೆ ಬಂದ ತಾರೀಖು, ತಗದದ್ದಲ್ಲ. ಯಾವಾಗಿನದೋ ಜವಳದ ವಿಡಿಯೋ ಹೋದ ವರ್ಷ ಯಾರೋ ಕಳಿಸಿದ್ರ ಹೋದ ವರ್ಷದ್ದಂತ ಬರದಿರ್ತದ. ಅದನ್ನ ನಂಬಿ ನಾ ನಾಕೈದು ತಪ್ಪು ಹೆಸರು ಇಟ್ಟಿದ್ದೆ.

ನಮ್ಮ ಅತ್ತಿಯವರಿಗೆ ಈಗ 84. ಕಣ್ಣು ಮಂದ ಆಗ್ಯಾವ, ನೆನಪು ಅಗದೀ ಛಲೋ ಅದ. ಅವರನ್ನ ಟಿವಿ ಮುಂದ ಕೂಡಿಸಿ ಒಂದೊಂದ ಹಚ್ಚಿ ಕೇಳ್ಲಿಕ್ಕೆ ಶುರು ಮಾಡಿದೆ. ಫೈಲಿಗೆ ಹೆಸರು ಅಂದ್ರೇನು ಅಂತ ಅವರಿಗೆ ತಿಳಿಸಲಿಕ್ಕೆ ನಾ ಒದ್ದಾಡ್ತಿದ್ರ ಅವರ ಅಂದ್ರು, "ಪಾತ್ರಿ ಮ್ಯಾಲೆ ಹೆಸರು ಹಾಕಸ್ತಿದ್ವಲ್ಲವಾ, ಹಂಗ." ಹೌದಲ್ಲ! ನಮ್ಮ ಕಪಾಟಿನಾಗಿನ ಸ್ಟೀಲ್ ಡಬ್ಬಿ, ಕೊಳಗ, ತಾಟು ಎಲ್ಲದರ ಮ್ಯಾಲೂ ಚುಕ್ಕಿ ಚುಕ್ಕಿ ಅಕ್ಷರದಾಗ ಯಾರು ಕೊಟ್ಟದ್ದು, ಯಾರಿಗೆ, ಯಾವ ತಾರೀಖಿಗೆ ಅಂತ ಕೆತ್ತಿಸಿದ್ದು ಅದ. ಕೊಟ್ಟವರು ಹೋಗಿ ಇಪ್ಪತ್ತು ವರ್ಷ ಆದ್ರೂ ಇವತ್ತಿಗೂ ಹಿಟ್ಟು ತಗೀವಾಗ ಅವರ ಹೆಸರು ಕಾಣ್ತದ. ನಾನೂ ಅದ ಮೂರು ಹಿಡದೆ: ಯಾವಾಗ, ಏನು, ಯಾರು.

ತಾರೀಖು ನಾ ಮೊದಲು ನಮ್ಮ ರೂಢಿಯಂಗ ದಿನ, ತಿಂಗಳು, ಇಸವಿ ಅಂತ ಬರೀತಿದ್ದೆ. ಹಂಗ ಬರದ್ರ ಸಾಲು ಹತ್ತೂದಿಲ್ಲ. ಎಲ್ಲಾ ವರ್ಷದ ಒಂದನೇ ತಾರೀಖು ಒಂದು ಕಡೆ ಕೂಡತಾವ, ಎರಡನೇದು ಒಂದು ಕಡೆ. ಇಸವಿ ಮೊದಲು, ಆಮ್ಯಾಲೆ ತಿಂಗಳು, ಆಮ್ಯಾಲೆ ದಿನ ಬರದ್ರ ತಾವ ಸಾಲಾಗಿ ನಿಲ್ಲತಾವ. ಇದನ್ನ ಕೇಳಿ ನಮ್ಮನಿಯವರು, "ಇದ್ರಾಗೇನು ಹೊಸಾದು? ಸಂಕಲ್ಪದಾಗ ಹಿಂಗ ಅಲ್ಲೇನು?" ಅಂದ್ರು. ಖರೇನ. ಕಲ್ಪ, ಮನ್ವಂತರ, ಯುಗ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ದೊಡ್ಡದರಿಂದ ಸಣ್ಣದಕ್ಕ ಇಳಕೋತ ಬಂದು, ಆಮ್ಯಾಲೆ ಗೋತ್ರ, ಹೆಸರು, ಏನು ಮಾಡ್ಲಿಕ್ಕೆ ಕೂತೇವಿ ಅನ್ನೂದು.

ಅತ್ತಿಯವರಿಗೆ ನೆನಪಿರೂದೂ ಸಂವತ್ಸರ, ತಿಥಿನ. ಮಾವನವರ ಅರವತ್ತರ ಶಾಂತಿ ಯಾವಾಗ ಆತು ಅಂದ್ರ, "ಅವರು ಹುಟ್ಟಿದ್ದು ಧಾತು ಸಂವತ್ಸರ. ಅರವತ್ತು ವರ್ಷಕ್ಕ ಹೊಳ್ಳಿ ಧಾತು ಬಂತಲ್ಲ, ಆಗ. ವೈಶಾಖ ಬಹುಳ ಪಂಚಮಿ. ಷಷ್ಠಿನೋ ಏನೋ ಮತ್ತ." ಧಾತು ಅಂದ್ರ 1936, ಆಮ್ಯಾಲೆ 1996. ಆ ವರ್ಷ ವೈಶಾಖ ಬಹುಳ ಮೇ ತಿಂಗಳದಾಗ ಬಂದಿತ್ತು. ದಿನ ಪಕ್ಕಾ ಇರಲಿಲ್ಲ, ಅದಕ್ಕ "1996-05 ಅರವತ್ತರ ಶಾಂತಿ ಪಂಚಮಿ?" ಅಂತ ಬರೀಲಿಕ್ಕೆ ಹೋದೆ. ವಿಂಡೋಸ್ ಬಿಡಲಿಲ್ಲ. ಫೈಲಿನ ಹೆಸರಿನಾಗ ಪ್ರಶ್ನೆ ಚಿಹ್ನೆ ಹಾಕೂ ಹಂಗಿಲ್ಲಂತ. ಅದಕ್ಕ ಗೊತ್ತಿಲ್ಲದ್ದರ ಕೊನಿಗೆಲ್ಲಾ "ಕೇಳಬೇಕು" ಅಂತ ಬರಕೋತ ಹೋದೆ. ಒಂದು ದಿವಸ ಎಣಿಸಿದ್ರ 112 "ಕೇಳಬೇಕು" ಇದ್ದು. ಕೇಳ್ಲಿಕ್ಕೆ ಉಳದವರು ಅತ್ತಿಯವರು ಒಬ್ಬರ.

ಈಗ ನನ್ನ ಕರಾಮತ್ತು ಹೇಳ್ತೇನಿ. ಆ ಅರವತ್ತರ ಶಾಂತಿದು ಮೂರು ವಿಸಿಡಿ ಇದ್ದು. ಮೂಲ ಕ್ಯಾಸೆಟ್ಟಿಗೆ ಬೂಸ್ಟು ಹಿಡದು ಯಾವಾಗೋ ಒಗದಾಗಿತ್ತು. ವಿಸಿಡಿ ಒಳಗ ಫೈಲಿನ ಹೆಸರು ಎವಿಎಸ್‌ಇಕ್ಯೂ01 ಅಂತಿರ್ತದ. ಯಾರ ಲಗ್ನದ್ದಿರಲಿ, ಯಾವ ಪಿಚ್ಚರಿಂದಿರಲಿ, ಒಂದನೇದಿರಲಿ, ಮೂರನೇದಿರಲಿ, ಎಲ್ಲಾ ಡಿಸ್ಕಿನಾಗೂ ಅದ ಹೆಸರು. ನಾ ಮೂರೂ ಒಂದ ಫೋಲ್ಡರಿಗೆ ಕಾಪಿ ಮಾಡಿದೆ. ನಡುವ ಕಂಪ್ಯೂಟರ್ ಎರಡು ಸಲ ಏನೋ ಕೇಳ್ತು, ನಾ ಎರಡೂ ಸಲ ಹೂಂ ಅಂತ ಒತ್ತಿದೆ. ಅದು ಕೇಳಿದ್ದು, ಇದ ಹೆಸರಿಂದು ಮೊದಲ ಅದ, ಅದನ್ನ ತಗದು ಇದನ್ನ ಇಡ್ಲೇನು ಅಂತ. ಒಂದನೇದರ ಮ್ಯಾಲೆ ಎರಡನೇದು ಕೂತ್ತು, ಅದರ ಮ್ಯಾಲೆ ಮೂರನೇದು ಕೂತ್ತು. ಕೊನಿಗೆ ಉಳದದ್ದು ಮೂರನೇದೊಂದ.

ಅಷ್ಟಕ್ಕ ಬಿಟ್ಟಿದ್ರ ಏನೂ ಆಗ್ತಿರಲಿಲ್ಲ. ಕಾಪಿ ಆತಲ್ಲ, ಇನ್ನ ಡಿಸ್ಕ್ ಯಾಕ ಅಂತ, ಏಪ್ರಿಲ್‌ದಾಗ ಮಾಳಗಿ ಮ್ಯಾಲೆ ಸಂಡಿಗಿ ಹಾಕಿದಾಗ ಕಾಗಿ ಬರಬಾರದು ಅಂತ ಹಳೇ ಸಿಡಿ ಎಲ್ಲಾ ದಾರಕ್ಕ ಕಟ್ಟಿ ತೂಗ ಹಾಕಿದೆ. ಬಿಸಲಿಗೆ ಫಳಫಳ ಹೊಳೀತಿದ್ದು. ಕಾಗಿ ಬರಲಿಲ್ಲ, ಸಂಡಿಗಿ ಛಲೋ ಒಣಗಿದ್ದು.

ಹದಿನೈದು ದಿವಸದ ಮ್ಯಾಲೆ ಅತ್ತಿಯವರು, "ಇವತ್ತ ಅವರ ಶಾಂತಿದು ಹಚ್ಚು" ಅಂದ್ರು. ಹಚ್ಚಿದ್ರ ನೇರ ಊಟದ ಪಂಕ್ತಿ. ಮೊದಲಿಂದೆಲ್ಲಾ ಎಲ್ಲಿ ಅಂದ್ರು. ನನಗ ಆಗ ಎದಿ ಧಸಕ್ ಅಂತು. ಮಾಳಗಿ ಮ್ಯಾಲೆ ಓಡಿ ಡಿಸ್ಕ್ ಬಿಚ್ಚಿ ತಂದೆ. ಎರಡನೇದು ಓಡ್ತು. ಒಂದನೇದು ಗೋಡಿಗೆ ತಿಕ್ಕಿ ತಿಕ್ಕಿ ಪೂರಾ ಗೀರು ಬಿದ್ದಿತ್ತು. ಒರಸಿ ಹಾಕಿದೆ, ತೊಳದು ಹಾಕಿದೆ, ಪಟ್ಟಣದ ಅಂಗಡಿಗೂ ಒಯ್ದು ತೋರಿಸಿದೆ. ಆಗಲಿಲ್ಲ.

ಅತ್ತಿಯವರ ಮುಂದ ಕೂತು ಇದ್ದದ್ದು ಇದ್ದಂಗ ಹೇಳಿದೆ. ಅವರು ಬಯ್ಯಲಿಲ್ಲ. "ಅವರು ಮಾತಾಡಿದ್ದು ಅದರಾಗ ಅಷ್ಟ ಇತ್ತವಾ" ಅಂದ್ರು. ಮಾವನವರು ಹೋದದ್ದು 2001ರಾಗ. ಫೋಟೋ ಬೇಕಾದಷ್ಟು ಅವ. ದನಿ ಮಾತ್ರ ಅದೊಂದ ಡಿಸ್ಕಿನಾಗ, ಸಂಕಲ್ಪ ಹೇಳಿದ್ದು. ಅವತ್ತ ರಾತ್ರಿ ಅತ್ತಿಯವರು ಬರೇ ಮಜ್ಜಿಗಿ ಕುಡದು ಮಲಕೊಂಡ್ರು. ನನಗೂ ಅನ್ನ ಇಳೀಲಿಲ್ಲ.

ಸೊಲ್ಲಾಪುರದ ನಾದಿನಿಗೆ ಫೋನ್ ಹಚ್ಚಿದೆ. ಆಗ ಡಿಸ್ಕ್ ಮಾಡಿಸಿದಾಗ ಆಕಿಗೂ ಒಂದು ಜೋಡು ಕೊಟ್ಟಿದ್ದ ನೆನಪು. "ಟ್ರಂಕಿನಾಗ ಇರಬೇಕು ವೈನಿ, ನೋಡ್ತೇನಿ" ಅಂದ್ಲು. ಸಿಕ್ತು, ಆದ್ರ ಆಕಿ ಕಡೆ ಅದನ್ನ ಹಾಕಿ ನೋಡ್ಲಿಕ್ಕೆ ಏನೂ ಇರಲಿಲ್ಲ. ಕೊರಿಯರ್ ಬ್ಯಾಡ, ನೀನ ಕೈಯಾಗ ಹಿಡಕೊಂಡು ಬಾ ಅಂದೆ. ನಾಗರ ಪಂಚಮಿಗೆ ತವರಿಗೆ ಬರೂ ತನಕ ನಾಕು ತಿಂಗಳ ನಾ ಆ ಫೋಲ್ಡರ್ ತಗೀಲಿಲ್ಲ.

ಬಂದ ದಿವಸ ಅಳ್ಳು, ಉಂಡಿ ಎಲ್ಲಾ ಬದಿಗಿಟ್ಟು ಮೊದಲು ಡಿಸ್ಕ್ ಹಾಕಿದ್ವಿ. ಎರಡು ಕಡೆ ಚಿತ್ರ ನಿಂತು ನಿಂತು ಓಡ್ತು. ಮಾವನವರು ಮಣಿ ಮ್ಯಾಲೆ ಕೂತಾರ, ಬಾಜೂಕ ಅತ್ತಿಯವರು ಹಸರು ಸೀರ್ಯಾಗ. ಭಟ್ಟರು ಹೇಳಿಕೊಟ್ಟಂಗ ಮಾವನವರು ಹೇಳ್ಲಿಕ್ಕೆ ಶುರು ಮಾಡಿದ್ರು. ಸಂವತ್ಸರ ಬಂತು, ಮಾಸ ಬಂತು, ಪಕ್ಷ ಬಂತು. ನಾವ್ಯಾರೂ ಉಸರ ಬಿಡಲಿಲ್ಲ. ಪಂಚಮಿ ಅಂದ್ರು. ಅತ್ತಿಯವರು ನನ್ನ ಕಡೆ ಹೊಳ್ಳಿ, "ನಾ ಹೇಳಿದ್ನಿಲ್ಲೋ? ತಿದ್ದು ಅದನ್ನ" ಅಂದ್ರು. ಕಣ್ಣು ಒರಸಿಕೊಂಡದ್ದು ಆಮ್ಯಾಲೆ.

ನಮ್ಮನಿಯವರು ಪಂಚಾಂಗ ಲೆಕ್ಕ ಹಾಕಿ ತಾರೀಖು ತಗದ್ರು. ನಾ ಫೈಲಿನ ಹೆಸರಿನಾಗ ದಿನ ತುಂಬಿ, "ಕೇಳಬೇಕು" ಅಳಿಸಿದೆ.

ಅದರಾಗ ಆರತಿ ಹಾಡು ಹೇಳೂ ಗದಗ ಕಾಕೂಗೆ ನಾ "ಗದಗ ಕಾಕು" ಅಂತನ ಬರದಿದ್ದೆ. ಅತ್ತಿಯವರು ಬ್ಯಾಡಂದ್ರು. "ನಿನ್ನ ಮೊಮ್ಮಕ್ಕಳಿಗೆ ಗದಗ ಕಾಕು ಅಂದ್ರ ಯಾರು ತಿಳೀಬೇಕು? ಆಕಿಗೂ ಹೆಸರಿತ್ತು." ಲಗ್ನದಾಗ ಅಕ್ಕಿ ಮ್ಯಾಲೆ ಬರದು ಇಟ್ಟ ಹೆಸರು ಒಂದು, ತವರಿನ ಹೆಸರು ಒಂದು. ಎರಡೂ ಹೇಳಿದ್ರು. ನಲವತ್ತು ವರ್ಷ ನಮ್ಮನಿಗೆ ಬಂದು ಹೋಗಿ ಮಾಡಿದಾಕಿ, ಆಕಿ ಹೆಸರು ನಾ ಅವತ್ತ ಮೊದಲ ಸಲ ಕೇಳಿದ್ದು. ಅದು ಮನಿ ಮಾತು, ಇಲ್ಲಿ ಬರಿಯೂದಿಲ್ಲ. ಫೈಲಿನಾಗ ಎರಡೂ ಬರದೇನಿ.

ಈಗ ನಾ ಹೆಸರು ಇಟ್ಟ ಮ್ಯಾಲೆ ಕಾಪಿ ಮಾಡ್ತೇನಿ. ಮಾಡಿದ್ದನ್ನ ಮೊದಲಿಂದ ಕೊನೀತನಕ ಹಚ್ಚಿ ನೋಡ್ತೇನಿ. ಮಗ ಇನ್ನೊಂದು ಡಿಸ್ಕಿನಾಗೂ ಒಂದು ಜೋಡು ಇಟ್ಟಾನ. ಹಳೇ ವಿಸಿಡಿ ಸ್ಟೀಲ್ ಡಬ್ಬ್ಯಾಗ ಅವ, ಕಾಗಿಗೆ ಬ್ಯಾರೆ ವ್ಯವಸ್ಥಾ ಆಗೇದ. "ಕೇಳಬೇಕು" ಇನ್ನೂ 37 ಉಳದಾವ. ದಿನಾ ಸಂಜೀಕ ದೀಪ ಹಚ್ಚಿದ ಮ್ಯಾಲೆ ಎರಡು ಕೇಳ್ತೇನಿ. ಜಾಸ್ತಿ ಕೇಳಿದ್ರ ಅತ್ತಿಯವರಿಗೆ ದಣಿವಾಗ್ತದ.