ಗಿಟಾರಿಗೆ ಹೊಸ ಗಂಟಲು

ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಗಿಟಾರು ತೂಗುತ್ತಿದೆ. ಅದು ನನ್ನ ಅಣ್ಣನದು. 1976ರಲ್ಲಿ, ಬೆಂಗಳೂರನ್ನು ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಿದ್ದ ವಾದಕನೊಬ್ಬನಿಂದ ಅವನು ಅದನ್ನು ಕೊಂಡು, ಬಸ್ಸಿನಲ್ಲಿ ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಮಡಿಕೇರಿಗೆ ತಂದಿದ್ದನು. ಅದರ ಮೇಲೆ ತಯಾರಕರ ಹೆಸರಿಲ್ಲ. ಪ್ರಸಿದ್ಧವಾದ ಯಾವುದೋ ಅಮೆರಿಕನ್ ಮಾದರಿಯನ್ನು ನೋಡಿ ಜಾಣನಾದ ಬಡಗಿಯೊಬ್ಬನು ಮಾಡಿದ್ದಿರಬೇಕು. ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆ, ಪಿಟೀಲಿಗಿರುವಂತಹವೇ ಎರಡು ಬಳುಕಿನ ರಂಧ್ರಗಳು, ಒಳಗೆಲ್ಲ ಟೊಳ್ಳು. ಜಾಝ್ ವಾದಕರು ಮೆಚ್ಚುವ ಜಾತಿಯ ವಾದ್ಯವದು.

ಟೊಳ್ಳು ಗಿಟಾರಿಗೆ ತನ್ನದೇ ಆದ ಕಂಠವಿದ್ದರೂ ಅದು ಸಣ್ಣದು. ತುತ್ತೂರಿಗಳು ಮೊಳಗುವ ಜಾಝ್ ಮೇಳದಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಗಿಬ್ಸನ್ ಕಂಪನಿಯು 1936ರಲ್ಲಿ ವಿದ್ಯುತ್ ಗಿಟಾರೊಂದನ್ನು ಮಾರಾಟಕ್ಕೆ ತಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣನು ಅಂತಹ ಗಿಟಾರಿನಿಂದಲೇ ತುತ್ತೂರಿಗಳಿಗೆ ಎದುರಾಗಿ ನಿಂತನು. 1942ರಲ್ಲಿ, ಇಪ್ಪತ್ತೈದರ ಹರೆಯದಲ್ಲಿಯೇ ಅವನು ತೀರಿಕೊಂಡನು. ಅಷ್ಟರೊಳಗೆ ಗಿಟಾರಿನ ಹಣೆಬರಹವೇ ಬದಲಾಗಿಹೋಗಿತ್ತು.

ಈ ಮಾರ್ಪಾಟಿಗೆ ಕಾರಣವಾದುದು ಪಿಕಪ್ ಎಂಬ ಧ್ವನಿಗ್ರಾಹಕ. ಅದರ ರಚನೆ ಬಲು ಸರಳ. ಒಂದು ಅಯಸ್ಕಾಂತ, ಅದರ ಬಳಿ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು, ಇಷ್ಟೇ. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಕದಲುತ್ತದೆ. ಕದಲಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆಯು ಕಂಡ ತತ್ತ್ವವೇ ಇದು. ಪಿಕಪ್ ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ಕುದುರೆಯ ಬಳಿ ತಂತಿಯ ಓಲಾಟ ಕಡಮೆ, ಅಲ್ಲಿನ ದನಿ ಕಿರಿದು, ಹರಿತ. ಕತ್ತು ಮುಗಿಯುವಲ್ಲಿ ತಂತಿ ಧಾರಾಳವಾಗಿ ತೂಗುವುದರಿಂದ ಮೂಲಸ್ವರ ತುಂಬಿಕೊಂಡು ಬರುತ್ತದೆ. ಜಾಝ್‌ನ ಆ ದುಂಡನೆಯ, ಮೆತ್ತನೆಯ ನಾದ ಕತ್ತಿನ ಪಿಕಪ್ಪಿನದು. ಅಣ್ಣನ ಗಿಟಾರಿಗೆ ಇದ್ದುದು ಅದೊಂದೇ.

ಅದಕ್ಕೊಂದು ದೋಷವಿತ್ತು. ಗಿಬ್ಸನ್ ಕಂಪನಿಯು 1946ರಲ್ಲಿ ಬಳಕೆಗೆ ತಂದ ಪಿ-90 ಎಂಬ ಒಂಟಿ ಸುರುಳಿಯ ಮಾದರಿಯನ್ನು ಅನುಸರಿಸಿದ ಪಿಕಪ್ ಅದು. ಒಂಟಿ ಸುರುಳಿಯು ತಂತಿಯ ಕಂಪನವನ್ನು ಮಾತ್ರವಲ್ಲ, ಮನೆಯ ವಿದ್ಯುತ್ತಿನ ಕಂಪನವನ್ನೂ ಹಿಡಿದು ಗುಂಯ್ ಎನ್ನುತ್ತಿರುತ್ತದೆ. ಸಂಜೆ ಅಣ್ಣ ಗಿಟಾರಿನ ತಂತಿ ಚುಚ್ಚಿದೊಡನೆ ಮನೆಯಲ್ಲಿ ದುಂಬಿಯೊಂದು ಹೊಕ್ಕಂತಾಗುತ್ತಿತ್ತು. ಪಡಸಾಲೆಯ ಟ್ಯೂಬ್‌ಲೈಟು ಉರಿಯುತ್ತಿದ್ದರಂತೂ ದುಂಬಿ ಕಣಜವಾಗುತ್ತಿತ್ತು. ಆದುದರಿಂದ ಗುಂಯ್‌ಗುಡುವಿಕೆ ಕೇಳಿದ ಕೂಡಲೇ ಅತ್ತಿಗೆ ಅಡುಗೆಮನೆಯಿಂದ ಬಂದು ಟ್ಯೂಬ್‌ಲೈಟನ್ನು ಆರಿಸಿ, ಹಳದಿ ಬಲ್ಬನ್ನು ಹಾಕಿ ಹೋಗುತ್ತಿದ್ದರು. ಒಬ್ಬರಿಗೊಬ್ಬರು ಮಾತನಾಡುತ್ತಿರಲಿಲ್ಲ. ಮನೆಯಲ್ಲಿ ದೀಪ ಹಚ್ಚುವ ಹೊತ್ತು ಇರುವಂತೆ ದೀಪ ಆರಿಸುವ ಹೊತ್ತೂ ಒಂದಿತ್ತು.

2014ರಲ್ಲಿ ಅಣ್ಣ ತೀರಿಕೊಂಡ ಮೇಲೆ ಗಿಟಾರು ನನಗೆ ಬಂದಿತು. ನಾನು ಅರೆಬರೆ ವಾದಕ. ಆದರೂ ವಾರಕ್ಕೊಮ್ಮೆ ನುಡಿಸುತ್ತಿದ್ದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನ ಮೇಲೆ ಸುರಿದ ಮಳೆಯನ್ನು ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳೇ ಜಾರಿ ಬಂದವು. ನಮ್ಮ ಮನೆಯ ಹಿಂದಿನ ದರೆಯೂ ಬಿರುಕು ಬಿಟ್ಟಾಗ ನಾವು ಉಟ್ಟ ಬಟ್ಟೆಯಲ್ಲಿಯೇ ವಿರಾಜಪೇಟೆಯ ನೆಂಟರ ಮನೆಗೆ ಹೋದೆವು. ಆರು ವಾರಗಳ ಅನಂತರ ಹಿಂದಿರುಗಿದಾಗ ಮನೆ ನಿಂತಿತ್ತು. ಆದರೆ ಗೋಡೆಗಳೆಲ್ಲ ಬೂಷ್ಟು ಹಿಡಿದಿದ್ದವು. ಗಿಟಾರಿನ ಮರ ಹೇಗೋ ಉಳಿದಿತ್ತು. ಪಿಕಪ್ ಮಾತ್ರ ಮೂಕವಾಗಿತ್ತು. ಮೀಟರು ಹಿಡಿದು ನೋಡಿದರೆ ಸುರುಳಿಯಲ್ಲಿ ವಿದ್ಯುತ್ತು ಹರಿಯಲೇ ಇಲ್ಲ. ತೇವಕ್ಕೆ ತಾಮ್ರ ಕಿಲುಬಿ, ಆ ಕೂದಲೆಳೆ ಎಲ್ಲಿಯೋ ತುಂಡಾಗಿತ್ತು.

"ಪುತ್ತರಿಯ ಹೊತ್ತಿಗೆ ಸರಿಯಾದೀತೇ?" ಎಂದರು ಅತ್ತಿಗೆ. ಗಿಟಾರಿನ ವಿಷಯದಲ್ಲಿ ಅವರು ಅದುವರೆಗೆ ಏನನ್ನೂ ಕೇಳಿದವರಲ್ಲ.

ನಾನು ಮೊದಲು ಹೋದುದು ಪೇಟೆಯಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವವನ ಬಳಿಗೆ. ಹೂಮಳೆ ತಡವಾದ ವರ್ಷ ಕಾಫಿ ಗಿಡಗಳಿಗೆ ನೀರು ಚಿಮುಕಿಸುವ ಪಂಪುಗಳೆಲ್ಲ ಅವನ ಕೈಯಿಂದಲೇ ಬದುಕುತ್ತವೆ. ಅವನು ಪಿಕಪ್ಪನ್ನು ಬೆಳಕಿಗೆ ಹಿಡಿದು, "ಸ್ವಾಮೀ, ಇದು ತಂತಿಯಲ್ಲ, ಜೇಡನ ಬಲೆ" ಎಂದು ನಕ್ಕು ಹಿಂದಿರುಗಿಸಿದನು. ಅನಂತರ ನಾನೇ ಅದನ್ನು ಬಿಚ್ಚಲು ಹೋಗಿ ಸುರುಳಿಯ ಚೌಕಟ್ಟನ್ನು ಬಿರುಕು ಬಿಡಿಸಿದೆ. ಹಳೆಯದನ್ನೇ ಮತ್ತೆ ಸುತ್ತಿಸುವ ಆಸೆ ಹೀಗೆ ನನ್ನ ಕೈಯಿಂದಲೇ ಮುಗಿಯಿತು. ಇದನ್ನು ಅತ್ತಿಗೆಗೆ ನಾನು ಈವರೆಗೂ ಹೇಳಿಲ್ಲ.

ಬೆಂಗಳೂರಿನ ವಾದ್ಯ ರಿಪೇರಿಯವರು ಸಜ್ಜನರು. ಅವರು ಮೊದಲು ಹೊಗಳಿದುದು ಜೋಡಿ ಸುರುಳಿಯ ಪಿಕಪ್ಪನ್ನು. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಎಂಬಾತನು ರೂಪಿಸಿದ ಇದು 1957ರಿಂದ ಗಿಟಾರುಗಳಲ್ಲಿ ಕಾಣಿಸಿಕೊಂಡಿತು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಅವುಗಳ ಕಾಂತಧ್ರುವಗಳನ್ನೂ ಅದಲುಬದಲು ಮಾಡಿದರೆ, ಹೊರಗಿನಿಂದ ಬಂದ ಗುಂಯ್‌ಗುಡುವಿಕೆ ಒಂದರಲ್ಲಿ ಕೂಡಿ ಇನ್ನೊಂದರಲ್ಲಿ ಕಳೆದು ಸೊನ್ನೆಯಾಗುತ್ತದೆ. ತಂತಿಯ ನಾದ ಮಾತ್ರ ಎರಡರಲ್ಲಿಯೂ ಕೂಡುತ್ತದೆ. ಎಂತಹ ಸುಂದರವಾದ ಲೆಕ್ಕ! ಅಂತಹದೊಂದನ್ನು ಬೇರೆ ಗಿಟಾರಿನಲ್ಲಿ ನುಡಿಸಿ ತೋರಿಸಿದರು. ಮೌನದ ಬಟ್ಟೆಯ ಮೇಲೆ ಬೆಣ್ಣೆಯುಂಡೆಗಳನ್ನು ಇಟ್ಟಂತಹ ಸ್ವರಗಳು. ನಾನು ಸೋತುಹೋದೆ. ಆದರೆ ಅದು ಹಳೆಯ ತೂತಿಗೆ ಹೊಂದುವುದಿಲ್ಲ. ಮೇಲ್ಹಲಗೆಯನ್ನು ಇನ್ನಷ್ಟು ಕೊರೆಯಬೇಕು. ಹಲಗೆಯ ಕೆಳಗೆ ಆಧಾರಪಟ್ಟಿಗಳು ಹಾದುಹೋಗಿವೆ, ನೋಡಿಕೊಂಡು ಕೊರೆಯಬೇಕು ಎಂದರು.

ಹಲಗೆಯನ್ನು ಮುಟ್ಟದೆ ಕತ್ತಿನ ತುದಿಗೆ ತೂಗಿಬಿಡುವ ಪಿಕಪ್ಪೂ ಇತ್ತು. ಮರ ಸ್ವತಂತ್ರವಾಗಿ ಕಂಪಿಸುತ್ತದೆಂದು ಅದಕ್ಕೆ ಗೌರವ. ನಮ್ಮ ಗಿಟಾರಿನಲ್ಲಿ ಮೊದಲೇ ಕೊರೆದ ತೂತು ಇರುವುದರಿಂದ ಆ ಗೌರವಕ್ಕೆ ಅರ್ಥವಿರಲಿಲ್ಲ. ಹಳೆಯ ತೂತಿಗೇ ಒಪ್ಪುವ ಅಳತೆಯಲ್ಲಿ, ಸುರುಳಿಯ ಕೆಳಗೆ ಇನ್ನೊಂದು ಸುರುಳಿಯನ್ನು ಅಡಗಿಸಿ ಗುಂಯ್‌ಗುಡುವಿಕೆಯನ್ನು ಅಳಿಸುವ ಬಗೆಯೂ ಒಂದು. ಬುದ್ಧಿವಂತರು ಅದನ್ನೇ ಆರಿಸುತ್ತಾರೆ. ನನ್ನ ಕಿವಿಗೆ ಅದರ ಮೇಲಿನ ಸ್ವರಗಳು ಕೊಂಚ ಬಾಡಿದಂತೆ ಕೇಳಿದವು. ಅದು ಭ್ರಮೆಯಿದ್ದರೂ ಇರಬಹುದು. ಉಳಿದುದು ಮೊದಲಿನಂತಹದೇ ಒಂಟಿ ಸುರುಳಿ.

ತೀರ್ಮಾನ ಮಾಡಲಾರದೆ ಊರಿಗೆ ಬಂದೆ. ನೆರೆಮನೆಯ ಹಿರಿಯರೊಬ್ಬರು ಪುತ್ತರಿಯಲ್ಲಿ ದುಡಿ ಬಾರಿಸಿ ಮನೆಮನೆಯಲ್ಲಿ ಹಾಡುವವರು. ಮಳೆಗಾಲದ ತಂಪಿಗೆ ಸಡಿಲಿಸಿದ ದುಡಿಯನ್ನು ಒಲೆಯ ಬಳಿ ಕಾಯಿಸುತ್ತಾ ನನ್ನ ಕಥೆಯನ್ನೆಲ್ಲ ಕೇಳಿದರು. "ದುಡಿಯ ಚರ್ಮ ಹರಿದರೆ ಚರ್ಮ ಬದಲಾಯಿಸುತ್ತೇವೆ. ಹೊಸ ಚರ್ಮಕ್ಕೆ ಹೊಂದಲಿ ಎಂದು ಯಾರಾದರೂ ಮರ ಕೆತ್ತುತ್ತಾರೆಯೇ?" ಎಂದರು. ಹೊಸ ಚರ್ಮದೊಡನೆ ದನಿಯೂ ಬದಲಾಗುವುದಿಲ್ಲವೇ ಎಂದು ನಾನು ವಾದಿಸಿದೆ. "ಬದಲಾಗದೆ! ಎರಡು ಹಬ್ಬ ಕಳೆಯಬೇಕು" ಎಂದು ದುಡಿಯನ್ನು ಮಗ್ಗುಲು ಹೊರಳಿಸಿದರು. ಅವರ ಮಾತು ನನ್ನ ಪ್ರಶ್ನೆಗೆ ಪೂರ್ತಿ ಉತ್ತರವಾಗಿರಲಿಲ್ಲ. ಆದರೆ ಕೊರೆಯುವ ಯೋಚನೆ ಆ ಒಲೆಯ ಮುಂದೆಯೇ ಬಿಟ್ಟುಹೋಯಿತು.

ಮರುವಾರ ಒಂಟಿ ಸುರುಳಿಯದನ್ನೇ ಹಾಕಿಸಿದೆ. ಟೊಳ್ಳು ಗಿಟಾರು ಧ್ವನಿವರ್ಧಕದ ಎದುರು ಊಳಿಡುವ ಸ್ವಭಾವದ್ದು. ಆದುದರಿಂದ ಹೆಚ್ಚು ಸುತ್ತುಗಳ, ಜೋರು ದನಿಯ ಪಿಕಪ್ಪನ್ನು ಬೇಡವೆಂದೆ. ಅಣ್ಣ ಬಳಸುತ್ತಿದ್ದ ನುಣುಪು ಸುತ್ತಿನ ನಿಕ್ಕಲ್ ತಂತಿಗಳನ್ನೇ ಬಿಗಿಸಿದೆ. ಕಂಚಿನ ಸುತ್ತಿನ ತಂತಿಗಳು ನೋಡಲು ಚೆಂದ, ಆದರೆ ಅಯಸ್ಕಾಂತಕ್ಕೆ ಕಂಚಿನ ಪರಿಚಯವಿಲ್ಲ.

ಪುತ್ತರಿಗೆ ಎರಡು ದಿನ ಮೊದಲು ಪಡಸಾಲೆಯಲ್ಲಿ ಕುಳಿತು ನುಡಿಸಿ ನೋಡಿದೆ. ಮಂದ್ರದಲ್ಲಿ ಹಳೆಯ ಮೃದುತ್ವವಿತ್ತು. ತಾರದಲ್ಲಿ ಇರಲಿಲ್ಲ, ಅಲ್ಲಿ ಏನೋ ಹೊಸ ಪಾತ್ರೆಯ ಸದ್ದು. ಅಣ್ಣನ ಬೆರಳುಗಳಿದ್ದಿದ್ದರೆ ಅದನ್ನೂ ಮೆತ್ತಗೆ ಮಾಡುತ್ತಿದ್ದವೋ ಏನೋ. ನಾನು ಕೈ ನಿಲ್ಲಿಸಿದೆ. ಗುಂಯ್‌ಗುಡುವಿಕೆ ಮಾತ್ರ ನಿಲ್ಲದೆ ಪಡಸಾಲೆಯನ್ನೆಲ್ಲ ತುಂಬಿತ್ತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಅತ್ತಿಗೆ ಸೆರಗಿಗೆ ಕೈಯೊರಸಿಕೊಳ್ಳುತ್ತಾ ಬಂದು, ನನ್ನ ಕಡೆ ನೋಡದೆ, ಟ್ಯೂಬ್‌ಲೈಟನ್ನು ಆರಿಸಿ ಹಳದಿ ಬಲ್ಬನ್ನು ಹಾಕಿದರು. ಆಮೇಲೆ ಒಳಗೆ ಹೋಗದೆ ಬಾಗಿಲ ಬಳಿಯೇ ನಿಂತರು.